ಕೆಂದಿಯ ಕಣ್ಣಿಗೆ ಮದ್ದು

ಬೆಳಿಗ್ಗೆ ಹಾಲು ಕರೆಯಲು ಕೂತ ಚೌಡಣ್ಣನಿಗೆ ಕೆಂದಿ ಅಳುತ್ತಿರುವಂತೆ ಕಂಡಿತು. ಎರಡೂ ಕಣ್ಣು ಕೆಂಪಗೆ ಊದಿ ನೀರು ಸುರಿಸುತ್ತಿದ್ದವು. ಹೆಂಡತಿ ಎರ್ರೆಮ್ಮ ತೀರಿಕೊಂಡ ಮೇಲೆ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಈ ಆಕಳೊಂದರ ಜೊತೆಗೇ. ಗಾಬರಿಯಾಗಿ ಕೂಡ್ಲಿಗಿಯ ದನದ ಡಾಕ್ಟ್ರಮ್ಮ ಗೀತಾಂಜಲಿಗೆ ಫೋನ್ ಮಾಡಿದ.

"ಸಂಜಿಕೆ ಬರ್ತೀನಿ. ಅಲ್ಲೀತನಕ ಕಣ್ಣಿಗೆ ಏನೂ ಹಾಕಬ್ಯಾಡ್ರಿ."

ಸಂಜೆಯವರೆಗೆ ಸುಮ್ಮನಿರುವುದು ಆ ಓಣಿಯ ಜಾಯಮಾನವಲ್ಲ. ಮೊದಲು ಬಂದವನು ಎದುರುಮನೆಯ ಪಾಲಾಕ್ಷಪ್ಪ. ಸೈಕಲ್ ಪಂಕ್ಚರ್ ಹಾಕುವವನು. ದನಕ್ಕೂ ಹಾಕಬಲ್ಲೆನೆಂಬ ನಂಬಿಕೆ.

"ಲೇ ಚೌಡಾ, ತಂಬಾಕು ಜಗಿದು ಕಣ್ಣಿಗೆ ಉಗುಳಿದ್ರ ಮುಗೀತು. ನಮ್ಮಪ್ಪ ಹಿಂಗ ನೂರು ದನ ಉಳಿಸ್ಯಾನ!"

ಕೆನ್ನೆ ಉಬ್ಬಿಸಿ, ಗುರಿ ಹಿಡಿದು ಉಗುಳಿದ. ಕೆಂದಿ ತಲೆ ಕೊಡವಿದಳು. ರಸ ನೇರ ಚೌಡಣ್ಣನ ಕಣ್ಣಿಗೆ ಬಿತ್ತು. ಅವನು ಕಾದ ಹಂಚಿನ ಮೇಲಿನ ಜೋಳದಂತೆ ಕುಣಿದ.

"ನೋಡಿದ್ಯಾ, ಎಂಥಾ ಮದ್ದು!" ಎಂದು ಪಾಲಾಕ್ಷಪ್ಪ ಹೆಮ್ಮೆಪಟ್ಟ.

ಗದ್ದಲ ಕೇಳಿ ಪಕ್ಕದ ಮನೆಯ ನಾಗಲಿಂಗಮ್ಮ ಎಲೆಯಡಿಕೆಯ ಸುಣ್ಣದ ಡಬ್ಬಿ ಹಿಡಿದೇ ಬಂದಳು. "ಸುಣ್ಣದ ನೀರು ಬಿಡಪ್ಪಾ. ಪೊರಿ ಕಿತ್ಕೊಂಡು ಬರ್ತೈತಿ."

"ಡಾಕ್ಟ್ರಮ್ಮ ಬ್ಯಾಡ ಅಂದಾರ್ರೀ ಅಮ್ಮಾ."

"ಆಕಿ ಬರೋದ್ರಾಗ ಕುರುಡಾದ್ರ? ಕೈಕಟ್ಟಿ ಕುಂತು ಕಣ್ಣು ಕಳದಂಗ ಆಗಲ್ಲೇನು?"

ಆ ಮಾತು ನಾಟಿತು. ನಾಗಲಿಂಗಮ್ಮ ತಾನೇ ಸುಣ್ಣದ ನೀರು ಕಲಸಿ ಎಡಗಡೆಯಿಂದ ಹೋದಳು. ಕೆಂದಿ ಕೊಂಬಾಡಿಸಿದ ರಭಸಕ್ಕೆ ಆಕೆ ಸಗಣಿಯ ಮೇಲೆ ಕೂತಳು.

"ನೀನಾ ಹಾಕು. ನಿನ್ನ ಮಾತು ಕೇಳ್ತಾಳ!"

ಚೌಡಣ್ಣ ಬಲಗಡೆ ನಿಂತು ಕೊರಳಡಿ ಜೋಲುವ ಗಂಗೆದೊಗಲು ಸವರಿದ. "ನಾ ಅದೀನಿ ತಾಯಿ, ಅಂಜಬ್ಯಾಡ." ಕೆಂದಿ ಅವನ ಎದೆಗೆ ತಲೆಯೊತ್ತಿ ನಿಂತಳು. ಮೂರು ಹನಿ ಬಿಟ್ಟ. ಕೆಂದಿ ಅಂಬಾ ಎಂದು ಅರಚಿ, ಕಟ್ಟಿದ್ದ ಕಣ್ಣಿ ಹರಿದುಕೊಂಡು ಓಡಿದಳು. ಇಡೀ ಓಣಿ ಹಿಂದೆ ಓಡಿತು.

ಸಂಜೆ ಡಾಕ್ಟ್ರಮ್ಮ ಬಹಳ ಹೊತ್ತು ನೋಡಿದರು.

"ಇದು ವೈರಸ್ಸಿಂದ ಬಂದ ಕಣ್ಬ್ಯಾನಿ. ಎರಡು ವಾರದಾಗ ತಾನಾ ಇಳೀತೈತಿ. ಎಡಗಣ್ಣಿಗೆ ಏನೂ ಭಯ ಇಲ್ಲ."

"ಬಲಗಣ್ಣು, ಮೇಡಮ್?"

"ಸುಣ್ಣಕ್ಕ ಸುಟ್ಟೈತಿ. ಇನ್ನ ಕಾಣಲ್ಲ." ಅವರು ಓಣಿಯವರತ್ತ ತಿರುಗಿದರು. "ಯಾರು ಹಾಕಿದ್ದು?"

"ನಾವಲ್ಲರೀ!" ಪಾಲಾಕ್ಷಪ್ಪನೂ ನಾಗಲಿಂಗಮ್ಮನೂ ಒಟ್ಟಿಗೇ ಕೂಗಿದರು. "ನಮ್ಮನ್ನ ಹತ್ರಾನ ಬಿಡಲಿಲ್ಲ ಅದು."

ಅದು ನಿಜ. ಕೆಂದಿ ನಂಬಿ ಹತ್ತಿರ ಬಿಟ್ಟುಕೊಂಡದ್ದು ಚೌಡಣ್ಣನೊಬ್ಬನನ್ನೇ.