ಮೂರು ಹೊಲಕ್ಕೆ ಒಂದೇ ರಟ್ಟೆ

ದಿ. 6-2-1999

ಇಂದ:
ದುಂಡವ್ವ ಕೋಂ ಶಿದ್ರಾಮ, ಕವಣೆ ಬೀಸುವವಳು, ಮಮದಾಪುರ, ತಾ. ಗೋಕಾಕ
(ಬರೆದುಕೊಟ್ಟವಳು: ಮೂಡಲಗಿಗೆ ಕೊಟ್ಟ ಮಗಳು ಕಸ್ತೂರಿ)

ಗೆ:
ಶ್ರೀ ಜಿನದತ್ತ ಅವರು, ಅಧ್ಯಕ್ಷರು, ಮೂರು ಹೊಲಗಳ ಜೋಳ ಕಾಯುವ ಒಕ್ಕೂಟ, ಸದರಿ ಊರು

ವಿಷಯ: ಹಕ್ಕಿ ಕಾಯುವ ಭಾರವನ್ನು ಮೂವರಿಗೂ ಸಮನಾಗಿ ಹಂಚುವ ಬಗ್ಗೆ.
ಉಲ್ಲೇಖ: ಸಂಕ್ರಾಂತಿ ಮರುದಿನ ತಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಆದ ಬಾಯಿಮಾತಿನ ಒಪ್ಪಂದ.

ಮಾನ್ಯರೇ,

ಸದರಿ ಒಪ್ಪಂದದಂತೆ ಒಬ್ಬರ ಹೊಲಕ್ಕೆ ಗಿಳಿಹಿಂಡು ಬಿದ್ದರೆ ಮೂವರ ಹೊಲಕ್ಕೂ ಬಿದ್ದ ಲೆಕ್ಕ. ಕಾರಣ ಮೂವರೂ ಪಾಳಿಯಂತೆ ಕಾವಲಿನ ಅಟ್ಟ ಏರತಕ್ಕದ್ದು. ಆದರೆ ನಡೆದದ್ದೇ ಬೇರೆ.

1. ಬಾಜೂ ಹೊಲದ ಮಾಲಿಂಗ ತನ್ನ ಪಾಳಿಯಲ್ಲಿ ಅಟ್ಟದ ಮೇಲೆ ರೇಡಿಯೋ ಹಚ್ಚಿ ಕ್ರಿಕೆಟ್ ಕೇಳುತ್ತಾನೆ. ಚೌಕಾ ಬಿದ್ದಾಗ ಚಪ್ಪಾಳೆ ತಟ್ಟುತ್ತಾನೆ, ಆಗ ಹಕ್ಕಿ ಏಳುತ್ತವೆ, ಇದು ಖರೆ. ಮೊನ್ನೆ ನಮ್ಮವರು ಚೌಕಾ ಹೊಡೆಯಲು ತಡಮಾಡಿದ ಕಾರಣ ನಾಲ್ಕು ಸಾಲು ತೆನೆ ಬೋಳಾದವು. ಕೇಳಿದರೆ, "ಹಕ್ಕಿ ಹೊಟ್ಟಿ ಎಷ್ಟರ ಇರತೈತಿ ಬಿಡ ಯಕ್ಕಾ" ಎಂದ.

2. ತಾವು ಜೈನರು, ಕಲ್ಲು ಒಗೆಯುವುದಿಲ್ಲ. ಅದಕ್ಕೆ ಅರ್ಜಿದಾರಳ ತಕರಾರಿಲ್ಲ. ಆದರೆ ಕೈಮುಗಿದು "ಸಾಕ್ರೆಪಾ, ಇನ್ನ ಹೋಗ್ರಿ" ಎಂದರೆ ಏಳುವಷ್ಟು ಮರ್ಯಾದಸ್ಥ ಗಿಳಿ ಈ ಸೀಮೆಯಲ್ಲಿಲ್ಲ. ತಮ್ಮ ಪಾಳಿಯ ದಿವಸ ಅವಕ್ಕೆ ಗೊತ್ತಾಗಿದೆ, ಅಂದು ನೆಂಟರನ್ನೂ ಕರೆತರುತ್ತವೆ.

3. ಆದ್ದರಿಂದ ಊರ ಉಸಾಬರಿಗೆ ಮುಲ್ಲಾ ಸೊರಗಿದಂತೆ ಮೂರೂ ಪಾಳಿ ಅರ್ಜಿದಾರಳಿಗೇ ಬಿದ್ದಿವೆ. ಗಂಡ ಕುರಿ ಹೊಡೆದುಕೊಂಡು ಹತ್ತರಗಿ ಕಡೆ ಹೋಗಿದ್ದಾನೆ. ಇಪ್ಪತ್ತು ದಿವಸ ಕವಣೆ ಬೀಸಿ ಬೀಸಿ ಬಲ ರಟ್ಟೆ ಹಿಡಿದುಕೊಂಡಿದೆ, ಕೈ ಎದೆಯಿಂದ ಮೇಲೆ ಏಳದು. "ದುಂಡವ್ವಾ, ನಿನ್ನ ಗುರಿ ಯಾರಿಗೂ ಬರಂಗಿಲ್ಲ" ಎಂದು ತಾವು ಹೊಗಳಿದಿರಿ. ನೋವು ಹಾಗೇ ಇದೆ.

4. ನಿನ್ನೆ ಎಡಗೈಯಿಂದ ಬೀಸಿದ ಕಲ್ಲು ಮಾಲಿಂಗನ ರೇಡಿಯೋಕ್ಕೆ ಬಿದ್ದಿದೆ. ಗುರಿ ತಪ್ಪಿ ಬಿದ್ದದ್ದು ಎಂದು ದಾಖಲಿಸಿಕೊಳ್ಳಬೇಕು.

5. ಒಕ್ಕೂಟ ಬಿಟ್ಟು ತನ್ನ ಹೊಲವಷ್ಟೇ ಕಾಯೋಣವೆಂದರೆ ಹಕ್ಕಿಗೆ ಬದು ತಿಳಿಯದು. ಇನ್ನು ಹತ್ತು ದಿವಸ ಕಾಯದಿದ್ದರೆ ಮೂರೂ ಮನೆಯ ವರ್ಷದ ರೊಟ್ಟಿ ಹೋಗುತ್ತದೆ. ಅರ್ಜಿದಾರಳಿಗೆ ಅಂಜಿಕೆಯಾಗಿದೆ.

ಕಾರಣ ಮಾಲಿಂಗ ರೇಡಿಯೋ ಮನೆಯಲ್ಲಿ ಬಿಟ್ಟು ಅಟ್ಟ ಏರತಕ್ಕದ್ದು. ತಾವು ಖಾಲಿ ಎಣ್ಣೆ ಡಬ್ಬಿ ಬಡಿಯತಕ್ಕದ್ದು, ಅದರಿಂದ ಯಾವ ಜೀವಕ್ಕೂ ಹಾನಿಯಿಲ್ಲ.

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ದುಂಡವ್ವ

ಅಡಕ: ಗಿಳಿ ತಿಂದ ತೆನೆ ಮೂರು, ಹೊಲಕ್ಕೊಂದರಂತೆ. ಹರಿದ ಕವಣೆ ಒಂದು. ರೇಡಿಯೋದ ಮುರಿದ ಏರಿಯಲ್ ಕಡ್ಡಿಯನ್ನು ಮಾಲಿಂಗ ಕೊಡದ ಕಾರಣ ಲಗತ್ತಿಸಿಲ್ಲ.

ವಿ.ಸೂ.: ಇಂದು ಕಸ್ತೂರಿ ಅರ್ಜಿದಾರಳ ತಲೆ ಬಾಚಿ ಹೆರಳು ಹಾಕಿದ್ದಾಳೆ, ಸಂಜೆಯ ಬಸ್ಸಿಗೆ ಹೋಗುತ್ತಾಳೆ. ನಾಳೆಯಿಂದ ಅರ್ಜಿದಾರಳ ಕೈ ಏಳುವ ತನಕ, ಒಕ್ಕೂಟದ ಪರವಾಗಿ, ತಮ್ಮ ಮನೆಯವರಾದ ಇಂದುಬಾಯಿ ಅವರು ದಿನಾ ಮುಂಜಾನೆ ಬಂದು ಹೆರಳು ಹಾಕಿಕೊಟ್ಟು ಹೋಗಬೇಕಾಗಿ ವಿನಂತಿ. ಬಾಚಣಿಗೆ ಅರ್ಜಿದಾರಳದ್ದೇ.