ಎಂಟೂವರೆ ಸಾವಿರದ ಇದ್ದಿಲು

ಎಂಟೂವರೆ ಸಾವಿರ ರೂಪಾಯಿಯ ಒಂದು ಕಪ್ಪು ಡಬ್ಬಿ ವರ್ಷದಿಂದ ಕೊಪ್ಪದ ನನ್ನ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಕೂತಿತ್ತು. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಹೊರಗೆ ಬಿಡದೆ ಹೀರಿಟ್ಟುಕೊಂಡು, ಕಾರು ಓಡುವಾಗ ಇಂಜಿನ್ನಿಗೇ ಉಣಿಸುವ ಕ್ಯಾನಿಸ್ಟರ್ ಅದು. ಈಗ ಜನ ಬಿಡಿಭಾಗವನ್ನೆಲ್ಲ ಮೊಬೈಲಲ್ಲೇ ತರಿಸುತ್ತಾರೆ, ನನ್ನ ಹತ್ತಿರ ಬರುವುದು ದರ ಕೇಳಲು. ಮಧ್ಯಾಹ್ನವೆಲ್ಲ ನಾನು, ಆ ಡಬ್ಬಿ, ಇಬ್ಬರೇ. ಹೀಗೆ ಬಾಯಿಗೆ ಬೀಗ ಬಿದ್ದ ದಿನವೇ ಇಂಥವರು ಬರುತ್ತಾರೆ.

ಮುಚ್ಚಳ

ಬಂದವರು ಸೀತೂರಿನ ರಿಟೈರ್ಡ್ ಸರ್ವೇಯರ್. ಒಂಟಿ ಜೀವ. ಪ್ರತಿ ಶುಕ್ರವಾರ ಶೃಂಗೇರಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರನ್ನು ಮಾತಿಗೆಂದೇ ಕಾರಿಗೆ ಹತ್ತಿಸಿಕೊಳ್ಳುತ್ತಿದ್ದರು. ಈಗ ಪೆಟ್ರೋಲ್ ವಾಸನೆಗೆ ಯಾರೂ ಹತ್ತುತ್ತಿಲ್ಲವಂತೆ. ನೋಡಿದರೆ ಟ್ಯಾಂಕಿನ ಮುಚ್ಚಳವೇ ಇಲ್ಲ, ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಇದೇನೆಂದು ಕೇಳಿದರೆ, ಉಪ್ಪಿನಕಾಯಿ ಭರಣಿಗೆ ಹೀಗೇ ಕಟ್ಟುವುದು, ಎರಡು ವರ್ಷ ಕೆಡಲಿಲ್ಲ ಎಂದರು.

ಗಡಿ

ಹೊಸ ಮುಚ್ಚಳ ಹಾಕಿದರೂ ವಾಸನೆ ಹೋಗಲಿಲ್ಲ. ವಿಚಾರಿಸಿದೆ. ಬಂಕಿನಲ್ಲಿ ಪೈಪು ತಾನಾಗಿ ನಿಂತ ಮೇಲೂ ಕಾರು ಅಲ್ಲಾಡಿಸಿ ಕುತ್ತಿಗೆವರೆಗೆ ತುಂಬಿಸುವುದು ಅವರ ಪದ್ಧತಿ. ಆವಿ ಹೋಗುವ ದಾರಿಯಲ್ಲಿ ಪೆಟ್ರೋಲೇ ನುಗ್ಗಿ ಕ್ಯಾನಿಸ್ಟರ್ ನೆನೆದುಹೋಗಿದೆ, ಪೈಪು ನಿಂತಲ್ಲಿಗೆ ನೀವೂ ನಿಲ್ಲಬೇಕು ಎಂದೆ.

"ಗಡಿ ಕಣ್ಣಿಗೆ ಕಾಣದೆ ನಾನು ಯಾವತ್ತೂ ಸಹಿ ಹಾಕಿದವನಲ್ಲ ಮಾರಾಯ್ರೆ" ಎಂದರು.

ಇದ್ದಿಲು

ಡಬ್ಬಿ ಕೆಳಗಿಳಿಸಿ ದರ ಹೇಳಿದೆ. ಒಳಗೇನಿದೆ ಎಂದು ಕೇಳಿದರು. ಇದ್ದಿಲು ಎಂದೆ. ಮೂವತ್ತು ವರ್ಷ ವ್ಯಾಪಾರ ಮಾಡಿದವನು ಹೇಳಬಾರದ ಮಾತು.

"ಎಂಟೂವರೆ ಸಾವಿರಕ್ಕೆ ಇದ್ದಿಲಾ? ನಮ್ಮ ಬಚ್ಚಲ ಒಲೆಯಲ್ಲಿ ದಿನಾ ಒಂದು ಬುಟ್ಟಿ ಆಗ್ತದೆ."

ಅದು ಬೇರೆಯೇ ತರಹದ ಇದ್ದಿಲು ಎನ್ನುವಷ್ಟರಲ್ಲಿ ಕಾರು ಹೊರಟಿತ್ತು. ಮನೆಗೆ ಹೋಗಿ ತಮ್ಮ ಕಾರಿನ ಹಳೇ ಡಬ್ಬಿ ಕೊಯ್ದು, ಒಲೆಯ ಇದ್ದಿಲು ಕುಟ್ಟಿ ತುಂಬಿ, ಅಂಟು ಹಾಕಿ ಮುಚ್ಚಿದರಂತೆ. ಎರಡು ದಿನ ವಾಸನೆ ಇಲ್ಲ. ಶುಕ್ರವಾರ ನಾಲ್ಕು ಜನ ಹತ್ತಿದರು. ಇದ್ದಿಲ ಪುಡಿ ಹೋಗಿ ಇಂಜಿನ್ನಿಗೆ ಆವಿ ಬಿಡುವ ವಾಲ್ವಿನಲ್ಲಿ ಸಿಕ್ಕಿಕೊಂಡು, ಶೃಂಗೇರಿ ರಸ್ತೆಯ ಏರಿನಲ್ಲಿ ಇಂಜಿನ್ ನಿಂತಿತು. ನಾಲ್ವರೂ ಇಳಿದು ತಳ್ಳಿದರು. ಸರ್ವೇಯರ್ ಜೀವನದಲ್ಲೇ ಅಷ್ಟು ಹೊತ್ತು ಯಾರೂ ಜೊತೆಗಿರಲಿಲ್ಲವಂತೆ.

ಕೊನೆಗೆ ಕ್ಯಾನಿಸ್ಟರನ್ನೂ ವಾಲ್ವನ್ನೂ ಕೊಂಡರು. ದುಡ್ಡು ಎಣಿಸಿ, ಅರ್ಧ ತುಂಬಿದ ಒಂದು ಚೀಲ ತಂದು ಮೇಜಿನ ಮೇಲಿಟ್ಟರು.

"ಉಳಿದದ್ದು. ನಿಮಗೆ ವ್ಯಾಪಾರಕ್ಕೆ ಬೇಕಾಗ್ತದಲ್ಲ."

ಮುಂದಿನ ಶುಕ್ರವಾರ ಅವರ ಕಾರು ನನ್ನ ಅಂಗಡಿಯ ಮುಂದೆಯೇ ಹಾದುಹೋಯಿತು. ಸೀಟು ಭರ್ತಿ, ಎಲ್ಲರೂ ಮಾತಾಡುತ್ತಿದ್ದರು. ಕೈ ಬೀಸಿದರು, ನಿಲ್ಲಿಸಲಿಲ್ಲ. ಕೆಟ್ಟಿದ್ದರಲ್ಲವೇ ನಿಲ್ಲಿಸುವುದು. ಮಾಲು ಚೆನ್ನಾಗಿ ಕೊಟ್ಟರೆ ಗಿರಾಕಿ ತಪ್ಪುತ್ತಾನೆ.

ಒಟ್ಟು ಲಾಭ: ಕ್ಯಾನಿಸ್ಟರಿನಲ್ಲಿ ಸಾವಿರದ ನೂರು, ವಾಲ್ವಿನಲ್ಲಿ ಮುನ್ನೂರು, ಮುಚ್ಚಳದಲ್ಲಿ ನಲವತ್ತು, ಅರ್ಧ ಚೀಲ ಇದ್ದಿಲು.