ಕರಿಬೇವಿನ ಕಳ್ಳರ ಗಮನಕ್ಕೆ

ಅಮೆರಿಕದ ಸಾಂಟಾ ಕ್ಲಾರಾದಲ್ಲಿ, ಎಲ್ ಕಮೀನೊ ರಸ್ತೆಯ ಹಿಂದಿರುವ ಸಾಲುಮನೆಗಳ ಕಾಲೊನಿಯು, ಜರ್ಮನಿಯ ನದೀತೀರದ ದ್ರಾಕ್ಷಿ ಜಿಲ್ಲೆಯಾದ ಓಬರ್‌ರೆಬೆನ್‌ಗೆ ವಿಧ್ಯುಕ್ತವಾಗಿ ತಂಗಿ ಊರಾಗಿದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವರಿಗೆಂದೇ ಗೇಟಿಗೆ ಬೋರ್ಡು ಹಾಕಿದೆ.

ಈ ಸಂಬಂಧ ಕುದುರಿಸಿದವರು ಕಾಲೊನಿಯ ಅಸೋಸಿಯೇಷನ್ ಅಧ್ಯಕ್ಷರಾದ ದ್ವಾರಕಾನಾಥರು. ಆಫೀಸಿನ ಕೆಲಸಕ್ಕೆಂದು ಜರ್ಮನಿಗೆ ಹೋದಾಗ ಆ ಜಿಲ್ಲೆಯವರು ಇವರನ್ನು ದೋಣಿಯಲ್ಲಿ ಕೂರಿಸಿ, ಎರಡೂ ದಡದ ದ್ರಾಕ್ಷಿ ಗುಡ್ಡ ತೋರಿಸಿ, ಜಿಲ್ಲೆಯ ಖರ್ಚಿನಲ್ಲೇ ಊಟ ಹಾಕಿಸಿದ್ದರು. ಬೇರೆಯವರ ಖರ್ಚಿನ ಊಟ ಹೊಟ್ಟೆಯಿಂದ ಇಳಿದರೂ ತಲೆಯಿಂದ ಇಳಿಯುವುದಿಲ್ಲ. ತಂಗಿ ಊರಿನ ಕಮಿಟಿಗೆ ವರ್ಷಕ್ಕೊಮ್ಮೆ ದೋಣಿಯೂ ಉಂಟು, ಊಟವೂ ಉಂಟು ಎಂದು ತಿಳಿದ ಮೇಲೆ, ನಮ್ಮ ಕಾಲೊನಿಗೆ ಒಬ್ಬಳು ಅಕ್ಕ ಬೇಕೇ ಬೇಕು ಎಂದು ಅವರಿಗೆ ಬಲವಾಗಿ ಅನ್ನಿಸಿತು.

ಜಿಲ್ಲೆಯವರು ಹೆಚ್ಚೇನೂ ಕೇಳಲಿಲ್ಲ. ತಂಗಿಗೆ ನದಿ ಇರಬೇಕು, ಗುಡ್ಡ ಇರಬೇಕು, ದ್ರಾಕ್ಷಿ ತೋಟ ಇರಬೇಕು ಎಂದರು. ಫ್ರೀವೇ ಪಕ್ಕದ ಸಿಮೆಂಟು ಚರಂಡಿಯಲ್ಲಿ ಮಳೆ ಬಂದಾಗ ನೀರು ಹರಿಯುವುದರಿಂದ ಅದನ್ನು ನದಿ ಎಂದು ಬರೆಯಲಾಯಿತು. ನೆಲದಡಿಯ ಪಾರ್ಕಿಂಗಿಗೆ ಇಳಿಯುವ ದಾರಿ ಗುಡ್ಡವಾಯಿತು. ಕೆಳಗೆ ನಿಂತು ನೋಡಿದರೆ ಅದು ಸುಳ್ಳಲ್ಲ. ದ್ರಾಕ್ಷಿ ತೋಟ ಮಾತ್ರ ನಿಜವಾಗಿಯೂ ಇತ್ತು. ಅದು ನೀಲವ್ವನ ಹಿತ್ತಿಲಿನ ಚಪ್ಪರ.

ನೀಲವ್ವ ವಿಜಯಪುರದ ಕಡೆಯವಳು, ಮಗಳು ಸ್ನೇಹಲ್ ಮನೆಯಲ್ಲಿರುವಾಕೆ. ದ್ರಾಕ್ಷಿ ನೆಲದ ಹೆಣ್ಣುಮಗಳಾದರೂ ಆಕೆ ಬಳ್ಳಿ ಹಬ್ಬಿಸಿದ್ದು ದ್ರಾಕ್ಷಿಯ ಆಸೆಗಲ್ಲ. ಚಪ್ಪರದ ನೆರಳಿನಲ್ಲಿ ಆಕೆಯ ಕರಿಬೇವಿನ ಗಿಡ ಇತ್ತು. ಚಳಿಗಾಲದಲ್ಲಿ ಅಳಿಯನ ಹಳೇ ಸ್ವೆಟರು ಹೊದಿಸಿ, ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಕುಡಿಸಿ, ಗೇಣುದ್ದದ ಸಸಿಯನ್ನು ಎದೆಮಟ್ಟ ಬೆಳೆಸಿದ್ದಳು. ಅಂಗಡಿಯ ಕರಿಬೇವು ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಕಪ್ಪಾಗಿರುತ್ತದೆ. ಹಾಗಾಗಿ ಇಡೀ ಕಾಲೊನಿಯ ಒಗ್ಗರಣೆ ಈ ಒಂದು ಗಿಡವನ್ನು ನಂಬಿಕೊಂಡಿತ್ತು.

ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಬಣ್ಣ ತಿರುಗಿತು. ಫೋಟೋ ಜರ್ಮನಿಗೆ ಹೋಯಿತು. ಜರ್ಮನಿಯಿಂದ ನಿಯಮ ಬಂತು.

"ಪ್ರಕಟಣೆ: ಅಕ್ಕ ಜಿಲ್ಲೆಯ ಪುರಾತನ ಪದ್ಧತಿಯಂತೆ, ದ್ರಾಕ್ಷಿ ಹಣ್ಣಾಗುವ ಕಾಲದಲ್ಲಿ ತೋಟವನ್ನು ಮುಚ್ಚಲಾಗಿದೆ. ಕೊಯ್ಲಿನ ಗಂಟೆ ಬಾರಿಸುವವರೆಗೆ ಯಾರೂ ಒಳಗೆ ಕಾಲಿಡತಕ್ಕದ್ದಲ್ಲ. ಯಾರೂ ಎಂದರೆ ಮಾಲೀಕರೂ ಸೇರಿ. ಗಂಟೆಗೆ ಆರ್ಡರು ಕೊಡಲಾಗಿದೆ."

ನೀಲವ್ವ ಸೆರಗು ಸಿಕ್ಕಿಸಿಕೊಂಡು ಅಧ್ಯಕ್ಷರ ಬಾಗಿಲಿಗೆ ಹೋದಳು. "ಅಲ್ರೀ ದ್ವಾರಕಾನಾಥರ, ನನ್ನ ಹಿತ್ತಲಕ್ಕ ನಾನ ಹೋಗಬಾರದೇನ್ರಿ?"

"ಅಮ್ಮ, ನೀವಂತೂ ಹೋಗಲೇಬಾರದು. ಹಣ್ಣಿನ ಮೇಲೆ ಮಾಲೀಕರಿಗೇ ಆಸೆ ಜಾಸ್ತಿ ಅಂತ ರೂಲ್ಸಲ್ಲೇ ಇದೆ. ಇದು ನಿಮ್ಮನ್ನ ನಿಮ್ಮಿಂದ ಕಾಪಾಡೋ ಏರ್ಪಾಡು."

"ದ್ರಾಕ್ಷಿ ಬೇಕಾದ್ದಾಗ್ಲಿ. ಕರಿಬೇವಿಗೆ ನೀರು ಯಾರು ಹಾಕ್ತಾರ?"

"ಜರ್ಮನ್ ರೂಲ್ಸಲ್ಲಿ ಕರಿಬೇವೇ ಇಲ್ವಲ್ಲಮ್ಮ. ಇಲ್ಲದ್ದನ್ನ ನಾವು ಸೇರಿಸಕ್ಕಾಗಲ್ಲ."

ಚಿಪ್ ಕಂಪನಿಯಲ್ಲಿ ಲೇಆಫ್ ಆಗಿ ಮನೆಯಲ್ಲಿದ್ದ ಶಿವರಾಜನನ್ನು ತೋಟದ ಕಾವಲಿಗೆ ನೇಮಿಸಲಾಯಿತು. ಸಂಬಳವಿಲ್ಲ, ಸೀಟಿ ಉಂಟು. ಅವನು ಇಂಟರ್‌ನೆಟ್ಟಿನಲ್ಲಿ ತನ್ನ ಹೆಸರಿನ ಕೆಳಗೆ 'ವೈನ್‌ಯಾರ್ಡ್ ಸೆಕ್ಯೂರಿಟಿ ಹೆಡ್' ಎಂದು ಹಾಕಿಕೊಂಡ. ಕೆಲಸದಿಂದ ತೆಗೆದ ಮ್ಯಾನೇಜರೇ ಮೊದಲು ಅಭಿನಂದಿಸಿದ.

ಆ ವಾರ ಬಿಸಿಲು ರೊಟ್ಟಿ ಹಂಚಿನ ಹಾಗೆ ಕಾಯಿತು. ಅಡುಗೆಮನೆ ಕಿಟಕಿಯಲ್ಲಿ ನಿಂತು ನೀಲವ್ವ ನೋಡಿದಳು: ಕರಿಬೇವು ಮೊದಲು ಮುಖ ಬಾಡಿಸಿತು, ಆಮೇಲೆ ತಲೆ ತಗ್ಗಿಸಿತು, ಆಮೇಲೆ ಎಲೆ ಉದುರಿಸತೊಡಗಿತು. ಕಿಟಕಿಯಿಂದಲೇ ಪೈಪು ಹಿಡಿದು ನೀರು ಹಾರಿಸಿದಳು. ನೀರೂ ಒಳಗೆ ಹೋಗುವಂಥದ್ದೇ ಆದ್ದರಿಂದ ಸೀಟಿ ಊದಲಾಯಿತು.

"ಬಿಡವ್ವಾ, ನರ್ಸರಿಯಿಂದ ಬ್ಯಾರೆ ಗಿಡ ತರೂಣು," ಎಂದಳು ಸ್ನೇಹಲ್.

"ನೀ ಸಣ್ಣಾಕಿದ್ದಾಗ ನಿನಗ ಜ್ವರ ಬಂದಿತ್ತು. ಬ್ಯಾರೆ ಕೂಸು ತಂದ್ನೇನ ನಾ?"

ಮರುದಿನ ನೀಲವ್ವ ಒಂದು ಲೋಟ ಮಜ್ಜಿಗೆ ಹಿಡಿದು ಶಿವರಾಜನ ಹತ್ತಿರ ಕೂತಳು. ಆಕೆಗೆ ಓದಲು ಬಾರದು, ಓದಿಸಿ ಕೇಳಲು ಬರುತ್ತದೆ.

"ತಮ್ಮಾ, ಆ ರೂಲ್ಸು ಪೂರಾ ಓದಿ ಹೇಳು. ನಡುವ ಹಾರಸಬ್ಯಾಡ ಮತ್ತ."

ಶಿವರಾಜ ಓದಿದ. ದೋಣಿ ಕಟ್ಟುವ ಕ್ರಮ, ಪೀಪಾಯಿ ಉರುಳಿಸುವ ಕ್ರಮ, ಗುಡ್ಡದಿಂದ ಜಾರಿ ಬಿದ್ದವರು ದೂರು ಕೊಡುವ ಕ್ರಮ. ಕೊನೆಗೆ: "ತೋಟದಲ್ಲಿ ಸಿಕ್ಕಿಬಿದ್ದ ಕಳ್ಳನು ಮಧ್ಯಾಹ್ನದವರೆಗೆ ಅದೇ ತೋಟದಲ್ಲಿ ದುಡಿಯತಕ್ಕದ್ದು."

"ದುಡಿಯೂದಂದ್ರ ಏನಪಾ?"

"ಕಳೆ ಕೀಳೋದು, ನೀರು ಹಾಕೋದು, ಅಂಥವು."

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದ. ನೀಲವ್ವ ಖಾಲಿ ಲೋಟ ಇಸಿದುಕೊಂಡು ಎದ್ದಳು.

ಬೆಳಗಾಗುತ್ತಲೇ ಆಕೆ ತುಂಬಿದ ಬಕೆಟ್ಟು ಹಿಡಿದು, ಹಿತ್ತಿಲ ಅಗುಳಿ ತೆಗೆದು ಒಳಗೆ ನಡೆದಳು. ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡಳು. ಸೀಟಿ ಕೂಗಿತು.

"ಅಮ್ಮ, ನೀವು ಕಳ್ಳತನ ಮಾಡಿದ್ರಾ?"

"ಹೌದಪಾ. ಇನ್ನೂ ಹುಳಿ ಐತಿ."

"ಮತ್ತೆ ಈ ಬಕೆಟ್ಟು?"

"ಶಿಕ್ಷಾಕ ತಂದೀನಿ."

ಶಿಕ್ಷೆ ಜಾರಿಯಾಯಿತು. ಕರಿಬೇವಿನ ಬುಡ ನೆನೆಯಿತು. ದಿನಾ ಬೆಳಿಗ್ಗೆ ನೀಲವ್ವ ತಪ್ಪದೆ ಕದ್ದಳು, ಶಿವರಾಜ ತಪ್ಪದೆ ಹಿಡಿದ. ದಸರೆಯ ಹೊತ್ತಿಗೆ ಗಿಡ ಚಿಗುರಿತು.

ಚಿಗುರು ಕಂಡದ್ದು ಅಧ್ಯಕ್ಷರ ಹೆಂಡತಿ ಊರ್ಮಿಳಾಗೆ. "ರೀ, ನಿಮ್ಮ ಜರ್ಮನಿ ಅಕ್ಕನ ದೆಸೆಯಿಂದ ನಮ್ಮನೆ ಸಾರಿಗೆ ಒಗ್ಗರಣೆ ಗತಿಯಿಲ್ಲ. ನಾನೂ ಕಳ್ಳಿ ಆಗ್ತೀನಿ," ಎಂದು ಹೇಳಿ ಹೋಗಿ ಸಿಕ್ಕಿಬಿದ್ದರು. ಕರಿಬೇವು ನಿಯಮದಲ್ಲಿ ಇಲ್ಲದ್ದರಿಂದ ಅದನ್ನು ಕೀಳುವುದು ಅಪರಾಧವಲ್ಲ. ಕೀಳಲು ಒಳಗೆ ಹೋಗುವುದಕ್ಕಷ್ಟೇ ದ್ರಾಕ್ಷಿ ಕದಿಯಬೇಕಿತ್ತು. ಊರ್ಮಿಳಾ ಒಂದು ಬಕೆಟ್ಟು ಹೊತ್ತು ಎರಡು ಎಸಳು ತಂದರು. ಮರುದಿನ ನೀಲವ್ವನ ಹಿತ್ತಿಲ ಬಾಗಿಲ ಮುಂದೆ ನೂಕುನುಗ್ಗಲು. ಕಮಿಟಿ ಸುಮ್ಮನಿರುವಂತಿರಲಿಲ್ಲ.

"ಕಳ್ಳರ ಗಮನಕ್ಕೆ: ಕಳ್ಳತನದ ವೇಳೆ ಬೆಳಿಗ್ಗೆ ಏಳರಿಂದ ಎಂಟು. ಕಳ್ಳರು ಸಾಲಿನಲ್ಲಿ ಬರತಕ್ಕದ್ದು. ಒಂದು ಮನೆಗೆ ಒಬ್ಬರೇ ಕಳ್ಳರು. ಡೇಕೇರಿಗೆ ಮಕ್ಕಳನ್ನು ಬಿಡುವವರಿಗೆ ಮೊದಲು ಸಿಕ್ಕಿಬೀಳುವ ಅವಕಾಶ. ಮೀಟಿಂಗು ಇರುವವರು ಶಿಕ್ಷೆಯನ್ನು ಕಂತಿನಲ್ಲಿ ಅನುಭವಿಸಬಹುದು. ಮನೆಗೆ ಬಂದ ನೆಂಟರು ಕದಿಯುವಂತಿಲ್ಲ."

ಅಕ್ಟೋಬರಿನಲ್ಲಿ ಓಬರ್‌ರೆಬೆನ್ ಜಿಲ್ಲಾಧಿಕಾರಿ ಹೆರ್ ಕ್ಲೆಮೆನ್ಸ್ ತಪಾಸಣೆಗೆ ಬಂದರು. ಚರಂಡಿಯನ್ನು ನೋಡಿ, ನೀರೆಲ್ಲಿ ಎಂದು ಕೇಳಿದರು. ರಜೆಯ ಮೇಲಿದೆ ಎಂದು ತಿಳಿಸಲಾಯಿತು. ಪಾರ್ಕಿಂಗ್ ಗುಡ್ಡವನ್ನು ಹತ್ತಿ ಇಳಿದು, ಏದುಸಿರು ಬಿಡುತ್ತ, ಸರಿಯಾಗಿದೆ ಎಂದರು. ಹಿತ್ತಿಲಿಗೆ ಬಂದರೆ ಬಕೆಟ್ಟು ಹಿಡಿದವರ ಸಾಲು.

"ಇವರೆಲ್ಲ ಯಾರು?"

ದ್ವಾರಕಾನಾಥರ ಕಣ್ಣ ಮುಂದೆ ದೋಣಿ ಮುಳುಗಿತು. "ಕಳ್ಳರು, ಸರ್."

ಹೆರ್ ಕ್ಲೆಮೆನ್ಸ್ ಟೋಪಿ ತೆಗೆದರು. "ನಮ್ಮಲ್ಲಿ ಹುಡುಗರೆಲ್ಲ ಪಟ್ಟಣ ಸೇರಿದರು. ತೋಟ ಮುಚ್ಚುತ್ತೇವೆ, ಕಾವಲು ಇಡುತ್ತೇವೆ, ಕದಿಯಲು ಒಬ್ಬನೂ ಬರುವುದಿಲ್ಲ. ಕಳೆ ಸೊಂಟದೆತ್ತರ ಬೆಳೆದಿದೆ. ನಮ್ಮ ತಾತನ ಕಾಲದಲ್ಲಿ ಎಂಥೆಂಥ ಕಳ್ಳರಿದ್ದರು!" ಎಂದು ಕಣ್ಣೊರೆಸಿಕೊಂಡು, ತಪಾಸಣೆಯ ಕಾಗದಕ್ಕೆ ಸಹಿ ಹಾಕಿದರು. ವರ್ಷಕ್ಕೊಮ್ಮೆ ಕೆಲವು ಕಳ್ಳರನ್ನು ಜಿಲ್ಲೆಗೆ ಕಡ ಕೊಡಬೇಕೆಂದು ಕೈಹಿಡಿದು ಕೇಳಿಕೊಂಡರು. ಕಮಿಟಿಯ ಸದಸ್ಯರು ತಾವೇ ಕಳ್ಳರಾಗಿ ಹೋಗಲು ಒಪ್ಪಿದರು. ದೋಣಿ, ಊಟ ಜಿಲ್ಲೆಯದು.

ಆ ಸಂತೋಷಕ್ಕೆ, ಅಂದೇ ಬಂದಿದ್ದ ಗಂಟೆಯನ್ನು ಜಿಲ್ಲಾಧಿಕಾರಿಗಳ ಕೈಯಿಂದಲೇ ಬಾರಿಸಲಾಯಿತು. ತೋಟ ತೆರೆಯಿತು. ಎಲ್ಲರೂ ಒಮ್ಮೆಲೇ ನುಗ್ಗಿದರು. ಅಪರಾಧವಿಲ್ಲದ ಮೇಲೆ ಶಿಕ್ಷೆಯಿಲ್ಲ, ಶಿಕ್ಷೆಯಿಲ್ಲದ ಮೇಲೆ ಬಕೆಟ್ಟು ಯಾಕೆ? ಸಂಜೆಗೆ ಕರಿಬೇವಿನ ಗಿಡದಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ಶಿವರಾಜ ಮತ್ತೆ ಲೇಆಫ್ ಆಗಿ ಮೆಟ್ಟಿಲ ಮೇಲೆ ಕೂತಿದ್ದ.

ನೀಲವ್ವ ಕಡ್ಡಿಗಳ ಮೇಲೆ ಕೈಯಾಡಿಸಿದಳು. ಆಮೇಲೆ ಅಧ್ಯಕ್ಷರ ಬಾಗಿಲಿಗೆ ಹೋದಳು.

"ಮುಚ್ಚಿಬಿಡ್ರಿ."

"ಗಂಟೆ ಬಾರಿಸಿ ಆಯ್ತಲ್ಲಮ್ಮ."

"ಬಾರಿಸಿಲ್ಲ ಅಂತ ಬರ್ಕೊಳ್ರಿ. ಚರಂಡೀನ ಹೊಳಿ ಅಂತ ಬರದವ್ರು ನೀವು, ಇದೇನ ದೊಡ್ಡದು?"

ಮಾತು ನ್ಯಾಯವಾಗಿತ್ತು. ತೋಟವನ್ನು ವರ್ಷವಿಡೀ ಮುಚ್ಚಿರಲು ಕಮಿಟಿ ಒಮ್ಮತದಿಂದ ನಿರ್ಣಯಿಸಿತು. ದ್ರಾಕ್ಷಿ ಮುಗಿದಿರುವುದರಿಂದ ಒಂದು ತರಗೆಲೆ ಕದ್ದರೂ ಸಾಕೆಂದು ತಿದ್ದುಪಡಿ ಬಂತು. ಶಿವರಾಜನಿಗೆ ಸೀಟಿ ವಾಪಸು ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗಲೂ ಬೆಳಿಗ್ಗೆ ಏಳಕ್ಕೆ ಹೋದರೆ ಸಾಲು ಕಾಣುತ್ತದೆ. ಎಲ್ಲರಿಗಿಂತ ಮುಂದೆ ನೀಲವ್ವ, ತನ್ನ ಹಿತ್ತಿಲಿನ ಬಾಗಿಲಲ್ಲಿ, ಒಂದು ಕೈಯಲ್ಲಿ ತರಗೆಲೆ, ಇನ್ನೊಂದು ಕೈಯಲ್ಲಿ ಅಕ್ಕಿ ತೊಳೆದ ನೀರು.

"ಹಿಡಿಯಪಾ ತಮ್ಮಾ, ಲಗೂನ ಹಿಡಿ. ಬಿಸಲ ಏರಾಕತ್ತೈತಿ."